ಬಾಗಿಲಣ್ಣನ ಕೊನೆಯ ಅಧ್ಯಾಯ

ಗಂಟು ಬಿಚ್ಚಲು ಬಾರದೆ ದಾರವನ್ನೇ ಚಾಕುವಿನಿಂದ ಕತ್ತರಿಸಿ, ಮೇಲಿನ ರಟ್ಟು ತೆಗೆದು, ಹಾಳೆಗಳನ್ನು ಸರಸರನೆ ಮಗುಚುತ್ತಿದ್ದ ಮೇಷ್ಟ್ರ ಕೈ ತಟ್ಟನೆ ನಿಂತಿತು.

"ಹದಿನೆಂಟಕ್ಕೇ ಮುಗಿದುಹೋಯ್ತಲ್ರೀ. ಹತ್ತೊಂಬತ್ತನೇ ಅಧ್ಯಾಯ ಎಲ್ಲಿ?"

"ಹಾಳೆ ಅಂಟ್ಕೊಂಡಿರ್ತಾವೆ, ಸರಿಯಾಗಿ ನೋಡಿ," ಎಂದರು ಬನ್ನಮ್ಮ.

"ಪರಿವಿಡೀಲಿ ಇಪ್ಪತ್ತಮೂರು ಹಾಳೆ ಅಂತಿದೆ. ಅಷ್ಟೂ ಅಂಟ್ಕೊಳ್ಳೋಕೆ ಇದೇನು ನಿಮ್ಮ ಬೇಕರಿ ಬಿಸ್ಕತ್ತಾ?"

ಯಾರೂ ನಗಲಿಲ್ಲ. ಬೇಕರಿಯ ಮೇಲಿನ ಆ ಕೋಣೆಯಲ್ಲಿ ಒಂದು ಕಡೆ ಹಿಟ್ಟಿನ ಮೂಟೆಗಳು, ಇನ್ನೊಂದು ಕಡೆ ಕಬ್ಬಿಣದ ಬೀರು, ನಡುವೆ ಐದು ಕುರ್ಚಿ. ಕೆಳಗಿನ ಒಲೆಯ ಬಿಸಿ ನೆಲದ ಮೂಲಕ ಕಾಲಿಗೆ ಏರುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಲೇಖಕಿ ಮುಖವನ್ನು ಮೇಷ್ಟ್ರ ದನಿಯ ಕಡೆಗೆ ತಿರುಗಿಸಿದರು. ಅವರ ದೃಷ್ಟಿಯ ನಡುಮಧ್ಯದಲ್ಲಿ ಎರಡು ವರ್ಷದಿಂದ ಒಂದು ಬೂದು ಕಲೆ ಕೂತಿತ್ತು. ನೋಡಬೇಕೆಂದದ್ದೆಲ್ಲ ಆ ಕಲೆಯ ಹಿಂದೆ ಅಡಗಿಕೊಳ್ಳುತ್ತಿತ್ತು.

"ಕೊನೇದೇ ಇಲ್ವಾ?" ಎಂದು ಅವರು ಮೆಲ್ಲಗೆ ಕೇಳಿದರು.

ಕನ್ನಡಕದವನಿಗೆ ಕಿವಿ ಬಿಸಿಯಾಯಿತು. ಕನ್ನಡಕದ ಅಂಗಡಿ ಇಟ್ಟಿದ್ದ ಅವನು ಈ ಓದುಗರ ಬಳಗದ ಕಾರ್ಯದರ್ಶಿ. ಹತ್ತು ನಿಮಿಷದ ಹಿಂದೆ ತನ್ನ ಕೀಲಿಯಿಂದ ಬೀರು ತೆಗೆದು ಕಟ್ಟನ್ನು ಮೇಜಿನ ಮೇಲಿಟ್ಟವನೂ ಅವನೇ. ಲೇಖಕಿಯ ಕಣ್ಣು ಪರೀಕ್ಷಿಸಿ, ಪೆಟ್ಟಿಗೆಯಲ್ಲಿದ್ದ ಗಾಜನ್ನೆಲ್ಲ ಹಾಕಿ ನೋಡಿ, ಕೊನೆಗೆ "ಇದಕ್ಕೆ ಗಾಜಿಲ್ಲಮ್ಮ" ಎಂದು ಹೇಳಬೇಕಾಗಿ ಬಂದದ್ದೂ ಅವನಿಗೇ. ನಾಚಿಕೆಯಿಂದ ತಲೆ ಬಗ್ಗಿಸಿದವನ ಕಣ್ಣಿಗೆ ನೆಲದ ಮೇಲೆ ಚೆಲ್ಲಿದ ಮೈದಾಹಿಟ್ಟು ಮಾತ್ರ ಕಂಡಿತು.

ಒಂದು ಕಾಲದಲ್ಲಿ ಟಿವಿಯಲ್ಲಿ 'ಒಂಬತ್ತನೇ ನೌಕೆ' ಎಂಬ ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಅಲೆಯುವ ಹಡಗು, ಅದಕ್ಕೊಬ್ಬ ಧೀರ ಕಪ್ತಾನ, ಅವನ ಸುತ್ತ ಎಲ್ಲ ಸಾಹಸ. ಹಡಗಿನ ಹೊರಬಾಗಿಲು ಕಾಯುವ ಒಬ್ಬ ನರಪೇತಲನಿಗೆ ಕಂತಿಗೆ ಒಂದೇ ಮಾತು: "ಬಾಗಿಲು ಹಾಕಿದೆ." ಅದನ್ನು ಹೇಳಿ ಅವನು ಮರೆಯಾಗುತ್ತಿದ್ದ. ಆದರೆ ಒಂದು ಕಂತಿನಲ್ಲಿ ಕಪ್ತಾನನ ಗೆಳೆಯ ಹೊರಗೆ ಉಳಿದು ಸತ್ತುಹೋದ. ಆಗಲೂ ಬಾಗಿಲು ಕಾಯುವವನು ಅದೇ ದನಿಯಲ್ಲಿ "ಬಾಗಿಲು ಹಾಕಿದೆ" ಎಂದ. ಅಷ್ಟೇ. ಯಾರು ಹಾಕಿದರು ಎಂದು ಧಾರಾವಾಹಿ ಮುಗಿಯುವವರೆಗೂ ಯಾರೂ ಕೇಳಲಿಲ್ಲ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೇರೆಯವರ ಮಾತು ಜೋಡಿಸುತ್ತ ಕೂತಿರುತ್ತಿದ್ದ ಈ ಲೇಖಕಿ ಕೇಳಿದರು. ಕೇಳಿ, ಆ ಬಾಗಿಲು ಕಾಯುವವನ ಮೇಲೆ ಆರು ಕಾದಂಬರಿ ಬರೆದರು. ಏಳನೆಯದು ಅಚ್ಚಾಗಲಿಲ್ಲ. ಓದಿದ ಕೆಲವೇ ಜನ ಅವನನ್ನು ಬಾಗಿಲಣ್ಣ ಎಂದು ಕರೆದು, ಭಾನುವಾರ ಭಾನುವಾರ ಈ ಕೋಣೆಯಲ್ಲಿ ಸೇರಿ ಜಗಳವಾಡುತ್ತಿದ್ದರು. ಬಾಗಿಲಣ್ಣ 'ನಾನು ಹಾಕಿದೆ' ಎಂದು ತಪ್ಪೊಪ್ಪಿಕೊಂಡ ಎನ್ನುವುದು ಮೇಷ್ಟ್ರ ಪಕ್ಷ. ಬಾಗಿಲು ತಾನಾಗಿ ಬಿತ್ತು, 'ಹಾಕಿದೆ' ಎಂದರೆ 'ಮುಚ್ಚಿಕೊಂಡಿದೆ' ಎಂದಷ್ಟೇ ಅರ್ಥ ಎನ್ನುವುದು ಬನ್ನಮ್ಮನ ಪಕ್ಷ. ಏಳನೆಯ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ ಎಂದು ಎಲ್ಲರೂ ನಂಬಿದ್ದರು. ಆ ಕೈಬರಹದ ಕಟ್ಟಿಗೆ ಬೇರೆ ಪ್ರತಿ ಇರಲಿಲ್ಲ.

"ಅಚ್ಚಾಗೋದು ಬೇಡಪ್ಪ," ಎಂದಿದ್ದರು ಲೇಖಕಿ ಶುಕ್ರವಾರ ಕಟ್ಟು ಒಪ್ಪಿಸುವಾಗ. "ನಾನು ಬರೆದದ್ದು ನನಗೇ ಮರೀತಾ ಇದೆ. ಯಾರಾದ್ರೂ ಒಂದು ಸಲ ಜೋರಾಗಿ ಓದಿದ್ರೆ, ಕೇಳಿಸ್ಕೊಂಡು ಹೋಗ್ತೀನಿ."

ಓದುವವನೆಂದು ಎಲ್ಲರೂ ಆರಿಸಿದ್ದು ಕನ್ನಡಕದವನನ್ನು.

"ಕೀಲಿ ನಿಮ್ಮ ಅಂಗಡೀಲೇ ಮೊಳೆಗೆ ನೇತಾಡುತ್ತಪ್ಪ," ಎಂದರು ಮೇಷ್ಟ್ರು ಬನ್ನಮ್ಮನಿಗೆ. "ಕತೆ ನಿಮ್ಮ ಪಕ್ಷಕ್ಕೆ ವಿರುದ್ಧವಾಗಿ ಮುಗಿದಿದೆ ಅಂತ ಗೊತ್ತಾಗಿರಬೇಕು."

"ನನಗೆ ಓದೋಕೆ ಪುರುಸೊತ್ತೆಲ್ಲಿದೆ? ದಿನಾ ಸಂಜೆ ಬನ್ನು ತಗೊಳ್ಳೋ ನೆಪದಲ್ಲಿ ಆ ಮೊಳೆ ಪಕ್ಕ ನಿಲ್ಲೋರು ನೀವು! ನೋಡಿ, ನೋಡಿ, ಹೆಗಲು ಒರೆಸ್ಕೋತಿದಾರೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ."

"ಅದು ಸೀಮೆಸುಣ್ಣದ ಪುಡಿ, ಮಾರಾಯ್ತಿ!"

"ಇನ್ನೊಂದು ಕೀಲಿ ಕನ್ನಡಕದ ಹತ್ರ ಇದೆ."

"ಅವನನ್ನ ಯಾಕೆ ಎಳೀತೀರಿ? ಬಳಗ ಕಟ್ಟಿದೋನೇ ಅವನು. ನಮಗೆಲ್ಲ ಬೀಗ ಇದ್ದ ಹಾಗೆ."

ಆ ಮಾತಿಗೆ ಕನ್ನಡಕದವನು ಕುಳಿತಲ್ಲೇ ಇನ್ನಷ್ಟು ಕುಗ್ಗಿದ.

ಅಷ್ಟು ಹೊತ್ತೂ ಮಾತಾಡದೆ, ಮೇಷ್ಟ್ರು ಕತ್ತರಿಸಿ ಎಸೆದ ದಾರವನ್ನು ನೆಲದಿಂದ ಎತ್ತಿಕೊಂಡು ನೋಡುತ್ತಿದ್ದವರು ಕರಡಕ್ಕ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಈಗ ಇದೇ ಕಟ್ಟಡದ ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ವಾಸ. ಬೀದಿಯ ಮಕ್ಕಳ ಬಾಯಲ್ಲಿ ಕರಡಿಯಕ್ಕ. ಕಟ್ಟಡದಲ್ಲಿ ಏನು ಕಳೆದರೂ, ಯಾರು ಯಾರ ಮೇಲೆ ಚಾಡಿ ಬರೆದರೂ ಅವರ ಬಾಗಿಲು ತಟ್ಟುವುದು ವಾಡಿಕೆಯಾಗಿತ್ತು. "ಕಳ್ಳತನವೂ ಒಂದು ಅಚ್ಚುತಪ್ಪು," ಎನ್ನುತ್ತಿದ್ದರು. "ಸಾಲು ಸಾಲಾಗಿ ಬೆರಳಿಟ್ಟು ಓದಿದ್ರೆ ಸಿಕ್ಕೇ ಸಿಗುತ್ತೆ." ಆ ಪತ್ತೆಕೆಲಸಗಳಲ್ಲೆಲ್ಲ ಅವರ ಜೊತೆಗಿರುತ್ತಿದ್ದವನು ಕನ್ನಡಕದವನು. ಹನ್ನೊಂದು ವರ್ಷದ ಹಿಂದೆ ಕನ್ನಡಕಕ್ಕೆಂದು ಬಂದ ಅವರು, ಬಾಗಿಲಲ್ಲೇ ನಿಂತು ಅಂಗಡಿಯ ಹೊಸ ಬೋರ್ಡು ಓದಿ, "'ದೃಷ್ಟಿ' ಅಂತ ಬರೆಯೋಕೇ ಬಾರದೋನು ನನ್ನ ದೃಷ್ಟಿ ಏನಪ್ಪಾ ನೋಡ್ತೀಯ?" ಎಂದು ನಕ್ಕಿದ್ದರು. ಅಲ್ಲಿಂದ ಶುರುವಾದ ಸ್ನೇಹ.

ಲೇಖಕಿ ಕೈ ಚಾಚಿದರು. ಕರಡಕ್ಕ ದಾರವನ್ನು ಅವರ ಅಂಗೈಗೆ ಇಟ್ಟರು. ಅವರು ಬೆರಳಾಡಿಸಿ ನೋಡಿದರು.

"ಇದು ನಂದಲ್ಲ. ನಾನು ಶುಕ್ರವಾರ ಕಟ್ಟಿದ್ದು ಬಟ್ಟೆ ಲಾಡಿ."

"ಅದು ನಮ್ಮ ಕೇಕಿನ ಡಬ್ಬದ ದಾರ," ಎಂದು ಬನ್ನಮ್ಮ ಒಪ್ಪಿಕೊಂಡರು. "ಅದರ ಉಂಡೆ ಇಲ್ಲೇ, ಮೂಟೆ ಮೇಲೇ ಇರುತ್ತೆ. ಯಾರು ಬೇಕಾದ್ರೂ..."

"ಆಯ್ತು ಆಯ್ತು," ಎಂದು ಮೇಷ್ಟ್ರು ಕೈ ಮುಗಿದರು. "ಸಿಕ್ಕಿಬಿದ್ರಿ."

"ಮೇಷ್ಟ್ರೇ, ಬಾಯಿಗೊಂದು ಪೂರ್ಣವಿರಾಮ ಹಾಕಿ," ಎಂದರು ಕರಡಕ್ಕ. ಆಮೇಲೆ ಲೇಖಕಿಯ ಪಕ್ಕ ಕುರ್ಚಿ ಎಳೆದುಕೊಂಡರು. "ಅಮ್ಮ, ಕತೆ ಹೇಳಬೇಡಿ. ಕೊನೇ ಅಧ್ಯಾಯದಲ್ಲಿ ಹಿಂದಿನದರಲ್ಲಿ ಇಲ್ಲದ್ದು ಏನಾದ್ರೂ ಹೊಸದಾಗಿ ಬರುತ್ತಾ? ಅಷ್ಟು ಮಾತ್ರ ಹೇಳಿ."

"ಒಂದು ಕಾಗದ ಬರುತ್ತೆ. ಅದು ನಾನು ಬರೆದದ್ದಲ್ಲ." ಲೇಖಕಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಆರನೇ ಪುಸ್ತಕ ಬಂದಾಗ ಪ್ರಕಾಶಕರಿಗೆ ಯಾರೋ ಬರೆದಿದ್ರು. ಕೆಳಗೆ 'ಒಬ್ಬ ಓದುಗ' ಅಂತಷ್ಟೇ. ಬಾಗಿಲು ಕಾಯೋನಿಗೆ ಕಾದಂಬರಿ ಯಾಕೆ, ಪಕ್ಕದ ಪಾತ್ರ ಪಕ್ಕದಲ್ಲೇ ಇರಲಿ, ಹೀಗೆಲ್ಲ. 'ಓದುಗರ ಅಭಿಪ್ರಾಯ ಹೀಗಿದೆ' ಅಂತ ಪ್ರಕಾಶಕರು ಅದನ್ನೇ ನನಗೆ ಕಳಿಸಿ, ಏಳನೇದು ಬೇಡ ಅಂದುಬಿಟ್ರು. ನಾನು ಆ ಕಾಗದವನ್ನ ಅಕ್ಷರ ಬಿಡದೆ ಕತೆ ಒಳಗೆ ಇಟ್ಟೆ. ಅಲ್ಲಿ ಬಾಗಿಲಣ್ಣನನ್ನ ಕೆಲಸದಿಂದ ತೆಗೆಸೋಕೆ ಒಬ್ಬ ಅದನ್ನ ಬರೀತಾನೆ."

"ಅಕ್ಷರ ಬಿಡದೆ ಅಂದ್ರೆ?"

"ತಪ್ಪೂ ತಿದ್ದದೆ. 'ಲೇಖಕರಿಗೆ ದೃಷ್ಟಿದೋಷ' ಅಂತ ಬರೆದಿದ್ದ. ದೃಷ್ಟಿಯ ಮೊದಲ ಅಕ್ಷರಕ್ಕೆ ವಟ್ರಸುಳಿ ಹಾಕೋ ಕಡೆ ರ-ಒತ್ತು ಕೊಟ್ಟು, ಅದಕ್ಕೊಂದು ಕೊಂಬು." ಅವರು ಸಣ್ಣಗೆ ನಕ್ಕರು. "ಆಗ ನನ್ನ ಕಣ್ಣು ಚೆನ್ನಾಗೇ ಇತ್ತು. ಪುಣ್ಯಾತ್ಮನ ಬಾಯಿ ಹರಕೆ, ಈಗ ನಿಜವಾಯ್ತು."

ಕರಡಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಕತ್ತಿಗೆ ನೇತುಬಿದ್ದಿದ್ದ ಅದರ ದಾರವನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಹಾಕಿಕೊಂಡರು. "ಕೆಳಗೆ ಹೋಗಿ ಬರ್ತೀನಿ. ಯಾರೂ ಏಳಬೇಡಿ. ತಮ್ಮ, ನೀನು ಬಾ."

ಬೇಕರಿಯ ಹಿಂಭಾಗದಲ್ಲಿ ಜರಡಿಯ ಪಕ್ಕದ ಮೊಳೆಯಲ್ಲಿ ಬೀರುವಿನ ಕೀಲಿ ನೇತಾಡುತ್ತಿತ್ತು. ಕರಡಕ್ಕ ಅದನ್ನು ಮುಟ್ಟಲಿಲ್ಲ. ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಅದರ ಮೇಲಂಚಿಗೆ ಹಿಟ್ಟು ಪಾಚಿಯಂತೆ ಕುಳಿತಿತ್ತು. ಆಮೇಲೆ ಬನ್ನಮ್ಮ ಕಟ್ಟಿಟ್ಟಿದ್ದ ಕೇಕಿನ ಡಬ್ಬವೊಂದರ ಗಂಟನ್ನು ನೋಡಿದರು. ಎಳೆದರೆ ಸಡಿಲಾಗುವ ದೊಡ್ಡ ಕುಣಿಕೆ.

ಪ್ರತಿ ಸಲವೂ ಈ ಹೊತ್ತಿಗೆ ಅವರು ಅವನನ್ನು ಪ್ರಶ್ನೆ ಕೇಳುತ್ತಿದ್ದರು. ನಿನಗೇನು ಅನ್ನಿಸುತ್ತೆ, ನೀನು ಎಲ್ಲಿದ್ದೆ, ಏನು ನೋಡಿದೆ? ಇವತ್ತು ಏನೂ ಕೇಳಲಿಲ್ಲ. ಮೆಟ್ಟಿಲ ಬುಡದಲ್ಲಿ ಇಬ್ಬರೂ ನಿಂತರು. ಒಲೆಯಲ್ಲಿ ಬ್ರೆಡ್ಡು ಉಬ್ಬುವ ವಾಸನೆ ಬರುತ್ತಿತ್ತು. ಅವನಿಗೆ ಏನೋ ಹೇಳಬೇಕು ಎನ್ನಿಸಿ ಬಾಯಿ ತೆರೆದ. ಅವರು ಕಾದರು. ಅವನು ಬಾಯಿ ಮುಚ್ಚಿಕೊಂಡ.

"ಸರಿ, ನಡಿ," ಎಂದು ಕರಡಕ್ಕ ಮೆಟ್ಟಿಲು ಹತ್ತಿದರು. ಅವರ ಮಂಡಿ ಒಂದೊಂದು ಮೆಟ್ಟಿಲಿಗೂ ಲಟಕ್ ಎಂದಿತು.

ಮೇಲೆ ಎಲ್ಲರೂ ಇದ್ದಲ್ಲೇ ಇದ್ದರು. ಕರಡಕ್ಕ ಲೇಖಕಿಯ ಕೈಯಿಂದ ಆ ದಾರ ತೆಗೆದುಕೊಂಡು ಬೀರುವಿಗೆ ಬೆನ್ನು ಕೊಟ್ಟು ನಿಂತರು.

"ಮೊದಲು ಕೀಲಿ. ಶುಕ್ರವಾರ ಸಂಜೆ ಬೀಗ ಹಾಕಿದ್ದು ಯಾರು?"

"ನಾನೇ, ಎಲ್ಲರ ಎದುರಿಗೆ," ಎಂದರು ಮೇಷ್ಟ್ರು. "ಕೀಲಿ ಒರೆಸಿ ಮೊಳೆಗೆ ಹಾಕಿದೆ."

"ಅಲ್ಲಿಂದ ಎರಡು ದಿನ ಜರಡಿ ಹಿಡಿದಿದಾರೆ. ಎರಡು ದಿನದ ಹಿಟ್ಟು ಕೀಲಿ ಮೇಲೆ ಹಾಗೇ ಕೂತಿದೆ. ಒಂದು ಬೆರಳಿನ ಗುರುತಿಲ್ಲ. ಮೊಳೆಯ ಕೀಲಿಯನ್ನ ಯಾರೂ ಮುಟ್ಟಿಲ್ಲ. ಇಬ್ಬರೂ ಜಗಳ ನಿಲ್ಲಿಸಿ, ನೀವಿಬ್ಬರೂ ಅಲ್ಲ."

ಮೇಷ್ಟ್ರು ಬನ್ನಮ್ಮನನ್ನು ನೋಡಿದರು. ಬನ್ನಮ್ಮ ಮೇಷ್ಟ್ರನ್ನು ನೋಡಿದರು. ಇಬ್ಬರೂ ಮೂರನೆಯವನನ್ನು ನೋಡದಿರಲು ಕಷ್ಟಪಟ್ಟರು.

"ಎರಡನೇದು ಗಂಟು. ಬನ್ನಮ್ಮ ಕಟ್ಟೋದು ಸಡಿಲ ಕುಣಿಕೆ, ಮಗುವೂ ಬಿಚ್ಚಬಹುದು. ಇದು ನೋಡಿ. ಒಂದರ ಮೇಲೊಂದು ಎರಡು ಗಂಟು, ತುದಿ ಅಕ್ಕಿಕಾಳಷ್ಟು ಬಿಟ್ಟು ಕತ್ತರಿಸಿದ್ದು. ಸಣ್ಣ ವಸ್ತುಗಳಿಗೆ ಚೀಟಿ ಕಟ್ಟೋ ಕೈ ಇದು." ಅವರು ತಮ್ಮ ಕತ್ತಿನ ದಾರವನ್ನು ಮುಂದಕ್ಕೆ ಎಳೆದು ಅದರ ಪಕ್ಕ ಹಿಡಿದರು. ಎರಡು ಗಂಟು, ಅಕ್ಕಿಕಾಳಷ್ಟು ತುದಿ. "ಇದು ನನ್ನ ಕನ್ನಡಕ ಬಿದ್ದುಹೋಗದಿರಲಿ ಅಂತ ಒಬ್ಬ ಪ್ರೀತಿಯಿಂದ ಕಟ್ಟಿಕೊಟ್ಟದ್ದು."



"ಮೂರನೇದು, ಒಂದು ಅಕ್ಷರ. ದೃಷ್ಟಿಯ ವಟ್ರಸುಳಿ ತಿನ್ನೋರು ಊರಲ್ಲಿ ನೂರು ಜನ ಇರಬಹುದು. ಆದ್ರೆ ಈ ಬೀರುವಿನ ಕೀಲಿ ಇರೋರಲ್ಲಿ ಒಬ್ಬನೇ. ಅವನ ಬೋರ್ಡು ತಿದ್ದಿಸಿದೋಳು ನಾನು. ಬಳಗದ ಪತ್ರಿಕೆ ಕರಡಿನಲ್ಲಿ ಹನ್ನೊಂದು ವರ್ಷದಿಂದ ಅದೇ ಅಕ್ಷರ ತಿದ್ದುತಾ ಬಂದಿದೀನಿ. ಒಬ್ಬೊಬ್ಬರ ತಪ್ಪು ಅವರವರ ಹೆಬ್ಬೆಟ್ಟಿದ್ದ ಹಾಗೆ." ದನಿ ತಗ್ಗಿತು. "ಬನ್ನಮ್ಮ, ನಿನ್ನೆ ಮಧ್ಯಾಹ್ನ ಮೂಟೆಗೆ ಅಂತ ಮೇಲೆ ಬಂದಾಗ ಇಲ್ಲಿ ಯಾರಿದ್ರು?"

"ಕನ್ನಡಕ ಇದ್ದ. ಕುರ್ಚಿ ಹಾಕೋಕೆ ಬಂದೆ ಅಂದ." ಬನ್ನಮ್ಮ ಬೀರುವಿನ ಕಡೆ ನೋಡಿದರು. "ಬೀರು ಭದ್ರ ತಾನೆ ಅಂತ ಕೇಳಿದೆ. 'ಬೀಗ ಹಾಕಿದೆ' ಅಂದ."

"ನೀವು ಏನು ಅರ್ಥ ಮಾಡ್ಕೊಂಡ್ರಿ?"

"ಬೀಗ ಹಾಕಿಯೇ ಇದೆ ಅಂತ... ಶುಕ್ರವಾರ ಹಾಕಿದ್ದು ಹಾಗೇ..." ಬನ್ನಮ್ಮ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಇಷ್ಟು ವರ್ಷ ಇದೇ ಒಂದು ಮಾತಿಗೆ ಕಿತ್ತಾಡಿದ್ರಿ. ನಿಮ್ಮೆದುರಿಗೇ ಆ ಮಾತು ಬಂದಾಗ ಗೊತ್ತಾಗಲಿಲ್ಲ," ಎಂದರು ಕರಡಕ್ಕ. "ನಮ್ಮ ಭಾಷೇಲಿ ಅದೊಂದು ಅನುಕೂಲ. 'ನಾನು' ಅನ್ನೋದನ್ನ ನುಂಗಿಬಿಟ್ರೆ ತಪ್ಪೊಪ್ಪಿಗೆಯೂ ವರದಿ ಆಗಿಬಿಡುತ್ತೆ. ಸುಳ್ಳು ಹೇಳಿದ ಹಾಗೂ ಆಗಲಿಲ್ಲ, ನಿಜ ಹೇಳಿದ ಹಾಗೂ ಆಗಲಿಲ್ಲ." ಅವರು ಮೊದಲ ಸಲ ಅವನ ಕಡೆ ತಿರುಗಿದರು. "ಕೆಳಗೆ ಮೆಟ್ಟಿಲ ಹತ್ರ ಕಾದೆ ಕಣೋ. ನೀನೇ ಹೇಳ್ತೀಯ ಅಂತ."

ಕನ್ನಡಕದವನು ಎದ್ದು ನಿಂತ. ಕಾಲ ಕೆಳಗಿನ ಬಿಸಿ ಮೈಗೆಲ್ಲ ಹತ್ತಿತ್ತು. ಎಲ್ಲರ ಕಣ್ಣೂ ತನ್ನ ಮೇಲಿರುವುದು ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನನ್ನು ನೋಡಲಾಗದೆ ಬದಿಗೆ ಮುಖ ತಿರುಗಿಸಿ ಅಂಚಿನ ನೋಟದಲ್ಲಿ ಹುಡುಕುತ್ತಿದ್ದ ಆ ಎರಡು ಕಣ್ಣುಗಳು ಅವನನ್ನು ಸುಟ್ಟವು.

"ಬೀಗ ನಾನು ಹಾಕಿದೆ," ಎಂದ. "ನಾನು ತೆಗೆದು, ನಾನು ಹಾಕಿದೆ."

ಆಮೇಲೆ ಮಾತು ತುಂಡು ತುಂಡಾಗಿ ಬಂತು. ಓದುವವನು ತಾನಲ್ಲವೇ, ಒಂದು ಸಲ ಕಣ್ಣಾಡಿಸಿದರೆ ತಪ್ಪೇನು ಎಂದು ಶನಿವಾರ ಬಂದಿದ್ದ. ಹಳೆಯ ಲಾಡಿ ಕೈಯಲ್ಲೇ ಹರಿಯಿತು. ಕೊನೆಯ ಅಧ್ಯಾಯದ ಒಂಬತ್ತನೆಯ ಹಾಳೆಯಲ್ಲಿ ತನ್ನ ಕಾಗದ ಸಿಕ್ಕಿತು. ಹದಿನೆಂಟು ವರ್ಷದವನಿದ್ದಾಗ ಬರೆದದ್ದು. ಅವನಿಗೆ ಆಗ ಕಪ್ತಾನನ ಕತೆ ಬೇಕಿತ್ತು. ದೊಡ್ಡ ವಿಮರ್ಶಕನ ಹಾಗೆ ನಾಲ್ಕು ಸಾಲು ಗೀಚಿ, ಅಂಚೆಗೆ ಹಾಕಿ ಮರೆತುಬಿಟ್ಟಿದ್ದ. ಮುಂದೊಂದು ದಿನ, ಜ್ವರದಲ್ಲಿ ಮಲಗಿದ್ದಾಗ, ಬೇರೆ ಪುಸ್ತಕವಿಲ್ಲದೆ ಮೊದಲ ಕಾದಂಬರಿ ಓದಿದ. ಅವತ್ತಿನಿಂದ ಬಾಗಿಲಣ್ಣನನ್ನು ಬಿಟ್ಟು ಅವನಿಗೆ ಬೇರೆ ಕತೆಯೇ ರುಚಿಸಲಿಲ್ಲ.

"ನನ್ನ ಕಾಗದ ನಿಮ್ಮ ಕೈಗೇ ಬಂದಿತ್ತು ಅಂತ ನಿನ್ನೆವರೆಗೂ, ಅದರಿಂದಲೇ ಏಳನೇದು ನಿಂತುಹೋಯ್ತು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲಮ್ಮ. ಅದನ್ನ ನಿಮ್ಮೆದುರಿಗೆ ನಾನೇ ಜೋರಾಗಿ ಓದಬೇಕು ಅನ್ನೋದು ನೆನೆಸ್ಕೊಂಡು..."

"ಬೇಲಿಯೇ ಎದ್ದು ಹೊಲ ಮೇಯ್ತು," ಎಂದರು ಮೇಷ್ಟ್ರು, ಯಾರಿಗೂ ಅಲ್ಲದ ಹಾಗೆ. ಬನ್ನಮ್ಮ ಅವರ ತೋಳು ಚಿವುಟಿದರು.

"ಸುಟ್ಟುಬಿಟ್ಯಾ?" ಎಂದು ಲೇಖಕಿ ಕೇಳಿದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

"ಇಲ್ಲ! ಇಲ್ಲಮ್ಮ." ಅವನು ಚೀಲದಿಂದ ಕನ್ನಡಕದ ಗಾಜುಗಳ ಪೆಟ್ಟಿಗೆ ತೆಗೆದ. ಪರೀಕ್ಷೆಯ ಗಾಜುಗಳ ಕೆಳಗಿನ ಮಖಮಲ್ಲನ್ನು ಎತ್ತಿದಾಗ ಹಾಳೆಗಳು ಮಡಿಕೆಯಿಲ್ಲದೆ ಮಲಗಿದ್ದವು. "ಸುಡೋಕೆ ಕೈ ಬರಲಿಲ್ಲ. ಮುಂದಕ್ಕೆ ಓದೋಕೂ ಮುಖ ಇರಲಿಲ್ಲ. ಒಂಬತ್ತನೇ ಹಾಳೆ ಆದ್ಮೇಲೆ ಏನಿದೆ ಅಂತ ನನಗೂ ಗೊತ್ತಿಲ್ಲ."

ಕರಡಕ್ಕ ಹಾಳೆ ಎಣಿಸಿದರು. ಇಪ್ಪತ್ತಮೂರು. ಲೇಖಕಿಯ ಮಡಿಲಲ್ಲಿಟ್ಟರು. ಲೇಖಕಿ ಅವುಗಳ ಅಂಚನ್ನು ಸವರಿದರು, ಬಹಳ ಹೊತ್ತು. ಕೆಳಗೆ ಯಾರೋ ಬ್ರೆಡ್ಡಿನ ತಟ್ಟೆ ಎಳೆದ ಸದ್ದು. ಅವನಿಗೆ ಬೈಗುಳ ಬೇಕಿತ್ತು. ಒಂದು ಬೈಗುಳ ಬಂದಿದ್ದರೆ ನಿಲ್ಲಲು ಒಂದು ಜಾಗ ಸಿಕ್ಕಂತಾಗುತ್ತಿತ್ತು.

"ನಾನು ಬಳಗ ಬಿಡ್ತೀನಿ," ಎಂದು ಅವನು ಬಾಗಿಲ ಕಡೆ ತಿರುಗಿದ.

"ಕೂತ್ಕೋ," ಎಂದರು ಲೇಖಕಿ.

ಅವನು ನಿಂತ.

"ನಾನು ಕೇಳಿಸ್ಕೊಳ್ಳೋಕೆ ಬಂದೋಳು. ನಿನ್ನ ಗೋಳು ಕೇಳೋಕೆ ಬಂದಿಲ್ಲ. ಓದೋಕೆ ಅಂತ ಆರಿಸಿದ್ದು ನಿನ್ನನ್ನೇ ತಾನೆ?" ಅವರು ಹಾಳೆಗಳನ್ನು ಮುಂದಕ್ಕೆ ಚಾಚಿದರು. ಚಾಚಿದ ದಿಕ್ಕು ಸ್ವಲ್ಪ ತಪ್ಪಿತ್ತು. ಅವನೇ ಎರಡು ಹೆಜ್ಜೆ ಸರಿದು ಬರಬೇಕಾಯಿತು. "ಓದು. ಕಾಗದ ಬಂದಾಗ ಹಾರಿಸಬೇಡ. ತಪ್ಪನ್ನೂ ತಿದ್ದಬೇಡ. ಹೇಗಿದೆಯೋ ಹಾಗೇ ಓದು."

ಮೊದಲ ಹದಿನೆಂಟು ಅಧ್ಯಾಯ ಮುಂದಿನ ಭಾನುವಾರಗಳಿಗೆ ಇರಲಿ ಎಂದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ಅವನು ಓದತೊಡಗಿದ. ಎಂಟು ಹಾಳೆ ದನಿ ಹೇಗೋ ನಡೆಯಿತು. ಒಂಬತ್ತನೆಯದರಲ್ಲಿ ಅವನು ತನ್ನ ಹದಿನೆಂಟರ ಸೊಕ್ಕನ್ನು ತನ್ನದೇ ಬಾಯಿಂದ ಕೇಳಿದ. "ಪಕ್ಕದ ಪಾತ್ರ ಪಕ್ಕದಲ್ಲೇ ಇರಲಿ. ಲೇಖಕರಿಗೆ ದ್ರುಷ್ಟಿದೋಷ." ಆ ಒಡಕಲು ಅಕ್ಷರ ಬಾಯಲ್ಲಿ ಕಲ್ಲಿನ ಹಾಗೆ ಸಿಕ್ಕಿ, ಉಗುಳಿದ ಹಾಗೆ ಹೊರಬಿತ್ತು. ಕರಡಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು.

ಹತ್ತನೆಯ ಹಾಳೆಯಿಂದ ಮುಂದಿನದು ಅವನಿಗೂ ಹೊಸದು. ಕಾಗದದ ದೆಸೆಯಿಂದ ಬಾಗಿಲಣ್ಣನ ಕೆಲಸ ಹೋಗಲು ಒಂದು ದಿನ ಉಳಿದಿತ್ತು. ಆ ಕೊನೆಯ ದಿನ ಕಾಗದ ಬರೆದವನೇ ಹೊರಗೆ ಸಿಕ್ಕಿಕೊಂಡ. ಉಡುಪು ಹರಿದಿತ್ತು, ಗಾಳಿ ಮುಗಿಯುತ್ತಿತ್ತು. ಅವನು ಬಾಗಿಲು ಬಡಿಯುತ್ತಿದ್ದ. ಶೂನ್ಯದಲ್ಲಿ ಸದ್ದು ಕೇಳುವುದಿಲ್ಲ. ಬಾಗಿಲಣ್ಣ ಒಳಗಿನಿಂದ ಬಾಗಿಲಿಗೆ ಅಂಗೈ ಒತ್ತಿ ಆ ಬಡಿತವನ್ನು ಮುಟ್ಟಿ ತಿಳಿದ. ಬಾಗಿಲು ತೆಗೆಯಬೇಡ ಎಂಬುದು ಕಪ್ತಾನನ ಆಜ್ಞೆ. ಹಿಂದೊಮ್ಮೆಯೂ ಆಜ್ಞೆ ಅದೇ ಇತ್ತು.

ಇಪ್ಪತ್ತಮೂರನೆಯ ಹಾಳೆಯಲ್ಲಿ ಎರಡೇ ಸಾಲು. ಕಪ್ತಾನ ಮೇಲಿನಿಂದ ಕೂಗಿ ಕೇಳುತ್ತಾನೆ: "ಏನಾಯ್ತು ಅಲ್ಲಿ?" ಬಾಗಿಲಣ್ಣ ಉತ್ತರ ಕೊಡುತ್ತಾನೆ.

ಕನ್ನಡಕದವನು ಆ ಸಾಲನ್ನು ನೋಡಿದ. ಅಕ್ಷರಗಳು ಕದಡಿದವು. ಕಣ್ಣೊರೆಸಿಕೊಂಡು ಓದಿದ:

"ಬಾಗಿಲು ತೆಗೆದೆ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಆದ್ರೂ ಆವತ್ತು ಹಾಕಿದ್ದು ಯಾರು ಅಂತ..." ಎಂದು ಶುರು ಮಾಡಿದರು.

"ಸುಮ್ನಿರ್ರೀ," ಎಂದರು ಬನ್ನಮ್ಮ ಮೂಗು ಒರೆಸಿಕೊಳ್ಳುತ್ತ.

"ಇದಕ್ಕೆ ಮಾತ್ರ ಎರಡು ಅರ್ಥ ಇಲ್ಲ," ಎಂದರು ಕರಡಕ್ಕ. "ಬಾಗಿಲೇ ತೆಗೆದುಕೊಂಡಿದ್ರೆ 'ತೆಗೆದಿದೆ' ಅನ್ನಬೇಕಿತ್ತು. 'ತೆಗೆದೆ' ಅಂದ್ರೆ ನಾನೇ. ಇಲ್ಲಿ 'ನಾನು' ನುಂಗಿದ್ರೂ ಅಡಗಲ್ಲ."

ಕನ್ನಡಕದವನು ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ಲೇಖಕಿಯ ಕೈಗೆ ಕೊಡಲು ಹೋದ. ಅವರು ಹಾಳೆ ತೆಗೆದುಕೊಳ್ಳಲಿಲ್ಲ. ತಡವರಿಸಿ ಅವನ ಮಣಿಕಟ್ಟು ಹಿಡಿದುಕೊಂಡರು.

"ಕೊನೇ ಸಾಲು ಇನ್ನೊಂದು ಸಲ," ಎಂದರು. "ತಲೆ ಎತ್ತಿ ಓದು."